ಹೋಗಿಬಂದವಳ ನಮಸ್ಕಾರ, ಅಲ್ಲೇ ಇರುವವರಿಗೆ

ಜರ್ಮನಿಯಲ್ಲಿ ನನ್ನ ಸ್ವಯಂಸೇವಾ ವರ್ಷ ಕಳೆದ ವಾರ ಮುಗಿಯಿತು. ಹೆತ್ತವರ ಜೊತೆ ಸದ್ಯಕ್ಕೆ ಇರಲಾಗದ ಮಕ್ಕಳು ಒಟ್ಟಿಗೆ ಬೆಳೆಯುವ ಒಂದು ಗುಂಪುಮನೆಯಲ್ಲಿ ಸಹಾಯಕಿಯಾಗಿದ್ದೆ. ಹೊರಡುವ ಮುಂಚೆ ಧೈರ್ಯ ತುಂಬಿದವರು, ನಡುನಡುವೆ ಹೇಗಿದ್ದೀಯ ಎಂದು ವಿಚಾರಿಸಿದವರು ತುಂಬಾ ಜನ ಇದ್ದೀರಿ. ಒಬ್ಬೊಬ್ಬರಿಗೂ ಬೇರೆಬೇರೆ ಬರೆಯಲಾಗದೆ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ. ಜೊತೆಗೆ ಒಂದೂ ಫೋಟೋ ಇಲ್ಲ. ಮಕ್ಕಳ ಮುಖ, ಹೆಸರು, ಊರು, ಅವರ ಹಿಂದಿನ ಕಥೆ, ಯಾವುದನ್ನೂ ಹೊರಗೆ ಹೇಳುವುದಿಲ್ಲ ಎಂದು ಸೇರುವಾಗಲೇ ಸಹಿ ಹಾಕಿಕೊಟ್ಟಿದ್ದೇನೆ. ಸಹಿ ಕೇಳದಿದ್ದರೂ ಹೇಳುತ್ತಿರಲಿಲ್ಲ.

ಮೊದಲ ನಮಸ್ಕಾರ ಆ ಮನೆಯ ಕಾಯಂ ಸಿಬ್ಬಂದಿಗೆ. ನನ್ನಂಥವರು ಬರುತ್ತೇವೆ, ವರ್ಷ ತುಂಬಿದ ಮೇಲೆ ಹೊರಡುತ್ತೇವೆ. ಅವರು ಹಗಲು ಪಾಳಿ, ರಾತ್ರಿ ಪಾಳಿ, ಹಬ್ಬದ ದಿನದ ಪಾಳಿ ಮಾಡುತ್ತ ವರ್ಷಗಟ್ಟಲೆ ಅದೇ ಮಕ್ಕಳ ಜೊತೆ ಇರುತ್ತಾರೆ. ಒಂದೊಂದು ಮಗುವಿಗೂ ತನ್ನವರು ಅಂತ ಒಬ್ಬರು ಗೊತ್ತಾಗಿರುತ್ತಾರೆ. ಶಾಲೆಯಲ್ಲಿ ಟೀಚರ ಜೊತೆ ಮಾತು, ಡಾಕ್ಟರ ಭೇಟಿ, ಕಾಲಿಗೆ ಸಣ್ಣದಾದ ಶೂ ಬದಲಿಸುವುದು, ಮಕ್ಕಳ ರಕ್ಷಣೆಯ ಸರ್ಕಾರಿ ಕಚೇರಿ ಯೂಗೆಂಡ್‌ಆಮ್ಟ್‌ನ ಅಧಿಕಾರಿಗಳ ಮುಂದೆ ಮಗುವಿನ ಪರ ನಿಲ್ಲುವುದು, ಎಲ್ಲ ಅವರದೇ ಹೊಣೆ. ನನಗೆ ಕೊಟ್ಟ ಕೆಲಸ ಚಿಕ್ಕದು: ಬಟ್ಟೆ ಮಡಿಸುವುದು, ಶಾಲೆವರೆಗೆ ಜೊತೆಗೆ ಹೋಗುವುದು, ಹೋಮ್‌ವರ್ಕ್ ಮಾಡುವಾಗ ಪಕ್ಕದಲ್ಲಿ ಕೂರುವುದು, ಸಂಜೆ ಆಟಕ್ಕೆ ಒಬ್ಬರು ಕಡಿಮೆಯಾದಾಗ ಸೇರಿಕೊಳ್ಳುವುದು. ಅಷ್ಟನ್ನೇ ಕೊಟ್ಟು, ಅದಕ್ಕಿಂತ ಹೆಚ್ಚಿನದನ್ನು ಕೈಗೆ ಕೊಡದೆ ಇದ್ದದ್ದಕ್ಕೆ ಅವರಿಗೆ ನಾನು ಋಣಿ.

ಯಾಕೆ ಅಂತ ತಿಳಿಯಲು ಒಂದು ಭಾನುವಾರ ಸಂಜೆ ನಡೆದದ್ದನ್ನು ಹೇಳುತ್ತೇನೆ, ಯಾರ ಗುರುತೂ ಸಿಗದ ಹಾಗೆ. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಕುಡಿತ, ಮಾನಸಿಕ ಕಾಯಿಲೆ, ಹೊಡೆತ ಬಡಿತ, ನೋಡಿಕೊಳ್ಳುವ ಶಕ್ತಿಯೇ ಇಲ್ಲದಿರುವುದು, ಹೀಗೆ ಏನೋ ಒಂದು ಕಾರಣಕ್ಕೆ ಮಕ್ಕಳು ಬೇರೆ ಇರಬೇಕಾಗಿದೆ. ಪರಿಸ್ಥಿತಿ ಅನುಕೂಲವಾಗಿದ್ದರೆ ವಾರಾಂತ್ಯಕ್ಕೆ ಮನೆಗೆ ಹೋಗಿಬರುತ್ತಾರೆ. ಹಾಗೆ ಹೋಗಿ ಬಂದ ಒಂದು ಮಗು ಅಂಗಿಯ ಜಿಪ್ಪನ್ನೂ ಬಿಚ್ಚದೆ, ಬೆನ್ನಿನ ಚೀಲವನ್ನೂ ಇಳಿಸದೆ ಹಜಾರದಲ್ಲೇ ಕೂತಿತು. ಯಾರು ಮಾತಾಡಿಸಿದರೂ ಚೀಲದ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿತ್ತು. ಆ ಮಗುವಿನ ಹೊಣೆಯ ಅಕ್ಕ ಬಂದು, ಒಗೆದ ಕಾಲುಚೀಲಗಳ ಬುಟ್ಟಿ ತಂದು, ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು ಜೋಡಿ ಹುಡುಕತೊಡಗಿದರು. ಏನೂ ಕೇಳಲಿಲ್ಲ. ತುಂಬಾ ಹೊತ್ತಾದ ಮೇಲೆ ಮಗು ತಾನಾಗಿ ಒಂದು ಕಾಲುಚೀಲ ಎತ್ತಿ, ಇದರ ಜೋಡಿ ಇಲ್ಲಿದೆ ಎಂದಿತು. ಆಮೇಲೆ ಚೀಲ ಇಳಿಯಿತು, ಆಮೇಲೆ ಅಳು ಬಂತು. ಆ ಹೊತ್ತಿನಲ್ಲಿ ಆ ಮಗುವಿಗೆ ಬೇಕಿದ್ದದ್ದು ಮುಂದಿನ ಭಾನುವಾರವೂ, ಅದರ ಮುಂದಿನ ವರ್ಷವೂ ಅಲ್ಲೇ ಇರುವ ಮನುಷ್ಯರು. ಹೋಗಿ ತಬ್ಬಿಕೊಳ್ಳಬೇಕು ಅಂತ ನನಗೂ ಅನ್ನಿಸಿತ್ತು. ಆ ಜಾಗ ಯಾರದು ಎಂದು ಅವರು ಮೊದಲೇ ತಿಳಿಸಿಕೊಟ್ಟಿದ್ದರಿಂದ ನಾನು ಅಡುಗೆಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಂಡೆ.

ಈ ವಿಷಯ ತರಬೇತಿಯಲ್ಲೂ ಬಂತು. ಜರ್ಮನಿಯ ನಿಯಮದ ಪ್ರಕಾರ 27 ವರ್ಷದೊಳಗಿನವರ 12 ತಿಂಗಳ ಸೇವೆಯಲ್ಲಿ 25 ದಿನ ಸೆಮಿನಾರ್ ಇರಲೇಬೇಕು. ಅಲ್ಲಿ ಪಾಠ ಮಾಡಿದವರಿಗೂ ಧನ್ಯವಾದ. 2000ದಲ್ಲಿ ರುಮೇನಿಯಾದ ಬುಕಾರೆಸ್ಟ್‌ನಲ್ಲಿ ಶುರುವಾದ ಅಧ್ಯಯನದ ಬಗ್ಗೆ ಕೇಳಿದ್ದು ಅವರಿಂದಲೇ. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಸೇರಿಸಿ, ಎಲ್ಲರ ಬೆಳವಣಿಗೆಯನ್ನೂ ವರ್ಷಾನುಗಟ್ಟಲೆ ಗಮನಿಸಿದರು. ಎರಡು ವರ್ಷ ತುಂಬುವುದರೊಳಗೆ ಕುಟುಂಬ ಸೇರಿದ ಮಕ್ಕಳು ಹೆಚ್ಚು ಚೇತರಿಸಿಕೊಂಡಿದ್ದರು. ನೋಡಿಕೊಳ್ಳುವ ಕೈ ಪದೇ ಪದೇ ಬದಲಾದರೆ ಮಗು ಯಾರನ್ನೂ ನಂಬದಾಗಬಹುದು, ಇಲ್ಲವೇ ಸಿಕ್ಕ ಅಪರಿಚಿತರಿಗೆಲ್ಲ ಅಂಟಿಕೊಳ್ಳಬಹುದು. ಹಾಗೆ ಓಡಿ ಬಂದು ಮಡಿಲೇರುವ ಮಗುವನ್ನು ನೋಡಿ ನಾವು ಎಷ್ಟು ಪ್ರೀತಿ ಎಂದು ಖುಷಿಪಡುತ್ತೇವೆ! 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಪ್ರವಾಸಿಗರು, ಸ್ವಯಂಸೇವಕರು ಅನಾಥಾಲಯಗಳಿಗೆ ಬಂದುಹೋಗುವುದರಿಂದ ಮಕ್ಕಳಿಗೆ ಆಗುವ ಹಾನಿಯನ್ನು ತನ್ನ ನಿರ್ಣಯದಲ್ಲಿ ಎತ್ತಿ ಹೇಳಿದೆ. ಹಣ ಕಟ್ಟಿ ಎರಡು ವಾರ ಅನಾಥಾಲಯದಲ್ಲಿ ಮಕ್ಕಳ ಜೊತೆ ಕಳೆದು ಬರುವ ಪ್ಯಾಕೇಜುಗಳನ್ನು ಯಾರೂ ಕೊಳ್ಳಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ರಾತ್ರಿ ಪಾಳಿಯವರಿಗೆ ಬೇರೆಯಾಗಿಯೇ ವಂದನೆ ಹೇಳಬೇಕು. ಮರುದಿನ ಬೆಳಿಗ್ಗೆ ಪಾಳಿ ಬದಲಾಗುವಾಗ ಅವರು ಬರೆದಿಟ್ಟ ದಿನಚರಿ ಓದುತ್ತಿದ್ದೆವು. ‘ಹಟ ಮಾಡಿದ’ ಎಂದು ಅದರಲ್ಲಿ ಎಲ್ಲೂ ಇರುತ್ತಿರಲಿಲ್ಲ. ‘ಎರಡು ಗಂಟೆಗೆ ಎದ್ದ, ದೀಪ ಹಾಕಲು ಕೇಳಿದ, ನೀರು ಕುಡಿದ, ಬಾಗಿಲು ತೆರೆದಿಟ್ಟ ಮೇಲೆ ಮಲಗಿದ’ ಎಂದಿರುತ್ತಿತ್ತು. ಕಂಡದ್ದನ್ನು ಮಾತ್ರ ಬರೆಯಬೇಕು, ಯಾಕೆಂದರೆ ದೊಡ್ಡವನಾದ ಮೇಲೆ ತನ್ನ ಬಗ್ಗೆ ಬರೆದದ್ದನ್ನು ಅವನೇ ಓದಬಹುದು ಎಂದು ಹೇಳಿಕೊಟ್ಟರು. ಅಷ್ಟು ಮರ್ಯಾದೆ ಕೊಟ್ಟು ಮಕ್ಕಳ ಬಗ್ಗೆ ಬರೆಯುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಹಾಗೆಯೇ ಹಜಾರದ ಗೋಡೆಯ ಮೇಲಿನ ಹಲಗೆ. ಇವತ್ತು ಬೆಳಿಗ್ಗೆ ಯಾರು, ಸಂಜೆ ಯಾರು, ರಾತ್ರಿ ಯಾರು ಎಂದು ಸಿಬ್ಬಂದಿಯ ಫೋಟೋ ಅಂಟಿಸಿರುತ್ತಿದ್ದರು. ಓದಲು ಬಾರದ ಮಗುವಿಗೂ ರಾತ್ರಿ ಎದ್ದರೆ ಯಾರು ಬರುತ್ತಾರೆ ಎಂದು ಗೊತ್ತಿರಬೇಕಲ್ಲ. ನಾನು ಬಂದಾಗಲೇ ನನ್ನ ಫೋಟೋದ ಕೆಳಗೆ ಹೊರಡುವ ತಿಂಗಳನ್ನೂ ಬರೆದಿದ್ದರು. ಕೊನೆಯ ದಿನ ಯಾವ ಮಗುವಿಗೂ ಅದು ಹೊಸ ಸುದ್ದಿಯಾಗಿರಲಿಲ್ಲ.

ಮಕ್ಕಳಿಗೆ ನೇರವಾಗಿ ಧನ್ಯವಾದ ಹೇಳಿಬಂದಿದ್ದೇನೆ. ಇಲ್ಲಿ ಒಂದೇ ಮಾತು. ನನ್ನ ಜರ್ಮನ್ ಸುಧಾರಿಸಿದ್ದು ಅವರಿಂದ. ತರಗತಿಯಲ್ಲಿ ಹಿಂದೆ ಬಿದ್ದ ಮಗು ನನ್ನ ತಪ್ಪು ತಿದ್ದುವಾಗ ಟೀಚರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿತ್ತು. ಆ ಗತ್ತು ನೋಡುವುದಕ್ಕೇ ದಿನಾ ಪಾಠ ಹೇಳಿಸಿಕೊಂಡೆ.

ಕೆಲಸ ಕಲಿಯುತ್ತ ಸಂಬಳ ಪಡೆಯುವ ದೊಡ್ಡ ಮಕ್ಕಳೂ ಅಲ್ಲಿದ್ದರು. ಹಿಂದೆ ಅವರ ಸಂಬಳದ 75 ಪ್ರತಿಶತದವರೆಗೂ ಆರೈಕೆಯ ಖರ್ಚಿಗೆಂದು ಸರ್ಕಾರಕ್ಕೆ ಕಟ್ಟಬೇಕಿತ್ತು. 2021ರಲ್ಲಿ ಅದು 25ಕ್ಕೆ ಇಳಿಯಿತು, 2023ರ ಜನವರಿಯಿಂದ ಪೂರ್ತಿ ರದ್ದಾಯಿತು. ಇದಕ್ಕಾಗಿ ದನಿ ಎತ್ತಿದವರಲ್ಲಿ ಇಂಥ ಮನೆಗಳಲ್ಲಿ ಬೆಳೆದವರೂ ಇದ್ದರು. ಅವರ್ಯಾರೂ ನನಗೆ ಪರಿಚಯವಿಲ್ಲ, ಆದರೂ ಅವರಿಗೊಂದು ನಮಸ್ಕಾರ. ಪೂರ್ತಿ ಸಂಬಳ ಕೈಗೆ ಬಂದ ಹುಡುಗನ ಮುಖ ನಾನು ನೋಡಿದ್ದೇನೆ.

ಚಳಿಗಾಲ ನನಗೆ ಕಷ್ಟವಾಯಿತು. ನಾಲ್ಕೂವರೆಗೆಲ್ಲ ಕತ್ತಲು, ಮಾತು ಅರ್ಧ ತಿಳಿಯದ ಮೀಟಿಂಗುಗಳು, ಕೇಳಿದ ಕಥೆಗಳ ಭಾರ. ನಿದ್ದೆ ಬಾರದ ರಾತ್ರಿ ಫೋನ್ ಎತ್ತಿದ ಗೆಳತಿಯರೇ, ನೀವು ಒಂದು ಸಲವೂ ‘ಏನಾಯ್ತು ಹೇಳು’ ಎಂದು ಕೆದಕಲಿಲ್ಲ. ಹೇಳುವ ಹಾಗಿಲ್ಲ ಎಂದು ತಿಳಿದು ಸುಮ್ಮನೆ ಜೊತೆಗಿದ್ದಿರಿ. ಅಪ್ಪ, ಅಮ್ಮ, ‘ಸಾಕು ಬಾ’ ಎನ್ನುವುದು ನಿಮಗೆ ಸುಲಭವಿತ್ತು. ‘ಒಪ್ಪಿಕೊಂಡಿದ್ದನ್ನು ಮುಗಿಸಿ ಬಾ, ಮಕ್ಕಳು ದಿನ ಎಣಿಸುತ್ತಿರುತ್ತಾರೆ’ ಎಂದಿರಿ. ಅದನ್ನು ಮರೆಯುವುದಿಲ್ಲ.

ಇಂಥ ಸೇವೆಗೆ ಹೋಗಬೇಕೆಂದು ಕೆಲವರು ಕೇಳಿದ್ದೀರಿ. 27ರೊಳಗಿನವರಿಗೆ ಒಂದು ಯೋಜನೆ ಇದೆ, ವಯಸ್ಸಿನ ಮೇಲ್ಮಿತಿ ಇಲ್ಲದ ಇನ್ನೊಂದು 2011ರಿಂದ ಇದೆ. ವೀಸಾ, ಭಾಷೆಯ ತಯಾರಿ, ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಕಡ್ಡಾಯವಾದ ಪೊಲೀಸ್ ಪ್ರಮಾಣಪತ್ರ, ಇವುಗಳ ಬಗ್ಗೆ ಗೊತ್ತಿರುವಷ್ಟನ್ನು ಖಂಡಿತ ಹೇಳುತ್ತೇನೆ, ಮೆಸೇಜ್ ಮಾಡಿ. ಮಕ್ಕಳ ಬಗ್ಗೆ ಮಾತ್ರ ಕೇಳಬೇಡಿ.