ಮರ ಬಿದ್ದದ್ದು ಬರೀ ಗಾಳಿಗಲ್ಲ

ಮಾನ್ಯ ಸಂಪಾದಕರೇ,

ಸಂಕ್ರಾಂತಿ ಈಗಷ್ಟೇ ಮುಗಿದಿದೆ. ಭರಣಿ ಮಳೆಗೆ ಇನ್ನೂ ಮೂರು ತಿಂಗಳ ಮೇಲಿದೆ. ಈಗಲೇ ಮಳೆಗಾಳಿಯ ಮಾತು ಯಾಕೆ ಅಂತ ನಿಮಗೆ ಅನಿಸಬಹುದು. ಆದರೆ ಮರದ ಬುಡ ನೋಡಲು, ಕೊಂಬೆ ಸವರಲು ಇದೇ ಹೊತ್ತು. ಮೇ ತಿಂಗಳಲ್ಲಿ ಮರ ಯಾರದೋ ಕಾರಿನ ಮೇಲೆ ಬಿದ್ದ ಮೇಲೆ ಬರೆದರೆ ನಿಮಗೊಂದು ಫೋಟೊ ಸಿಗುತ್ತದೆ, ಅಷ್ಟೆ.

ತುಮಕೂರಿನ ಜಯನಗರದಲ್ಲಿ ನಮ್ಮ ಬೀದಿಯ ಮರಗಳಿಗೆ ಮೂವತ್ತು ವರ್ಷ ದಾಟಿದೆ. ಹೊಂಗೆ, ಬೇವು, ಗುಲ್‌ಮೊಹರ್, ಒಂದೆರಡು ಆಕಾಶಮಲ್ಲಿಗೆ. ಹೋದ ವರ್ಷ ಕೃತ್ತಿಕೆ ಮಳೆಯಲ್ಲಿ ಒಂದು ಸಂಜೆ ಗಾಳಿ ಎದ್ದಿತು. ಹತ್ತು ನಿಮಿಷ ಬೀಸಿರಬಹುದು. ಎದುರು ಮನೆಯ ಗುಲ್‌ಮೊಹರ್ ಬುಡಸಮೇತ ಮಗುಚಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಒಂದು ಸ್ಕೂಟರ್ ಮಾತ್ರ ಅಪ್ಪಚ್ಚಿ. 'ಏನ್ ಗಾಳಿ ಅಂತೀರಿ!' ಎಂದು ಬೀದಿಯವರೆಲ್ಲ ಗಾಳಿಯನ್ನೇ ಬೈದರು.

ಬೆಳಿಗ್ಗೆ ಹೋಗಿ ಬುಡ ನೋಡಿದೆ. ಮನೆ ಕಡೆಯ ಬೇರುಗಳು ನಾರು ನಾರಾಗಿ ಹರಿದಿದ್ದವು. ರಸ್ತೆ ಕಡೆ ಹರಿಯಲು ಬೇರೇ ಇರಲಿಲ್ಲ. ಎಲ್ಲವೂ ಒಂದೇ ಗೆರೆಯಲ್ಲಿ ಕತ್ತರಿಸಿ ಹೋಗಿ, ತುದಿ ಕಪ್ಪಾಗಿ ಕೊಳೆತಿತ್ತು. ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಅದೇ ಗೆರೆಯಲ್ಲಿ ಜೆಸಿಬಿ ಬಂದು ಚರಂಡಿ ತೋಡಿತ್ತು. ಗುಲ್‌ಮೊಹರ್ ಬೇರು ಮೊದಲೇ ಮೇಲ್ಮೇಲೆ ಇರುತ್ತದೆ. ಅದರಲ್ಲಿ ಅರ್ಧ ಹೋದರೆ ಇನ್ನೇನು ನಿಲ್ಲುತ್ತದೆ?

ತಾಯಿಬೇರು ಕಂಬದ ಹಾಗೆ ಆಳಕ್ಕೆ ಇಳಿದು ಮರವನ್ನು ಹಿಡಿದಿರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ದೊಡ್ಡ ಮರದ ಬಹುಪಾಲು ಬೇರು ಇರುವುದು ಮೇಲಿನ ಎರಡಡಿ ಮಣ್ಣಿನಲ್ಲಿ. ಹರಡುವುದು ಮಾತ್ರ ನೆರಳು ಬೀಳುವ ಜಾಗಕ್ಕಿಂತಲೂ ಆಚೆಗೆ. ಸಿದ್ಧಗಂಗೆ ಜಾತ್ರೆಯಲ್ಲಿ ಹಾಕುವ ಗುಡಾರ ನೋಡಿದ್ದೀರಲ್ಲ, ಸುತ್ತಲೂ ಹಗ್ಗ ಎಳೆದು ಗೂಟಕ್ಕೆ ಕಟ್ಟಿರುತ್ತಾರೆ. ಒಂದು ಕಡೆಯ ಹಗ್ಗ ಕೊಯ್ದು ಆಮೇಲೆ ಗಾಳಿಯನ್ನು ಬೈದರೆ ಹೇಗೆ?

ಆಮೇಲೆ ನಡೆದದ್ದು ಇನ್ನೂ ಬೇಸರದ ಕಥೆ. ಹೆದರಿದ ಜನ ವಾರದೊಳಗೆ ಬೀದಿಯ ಆರೇಳು ಮರಗಳ ತಲೆಯನ್ನೇ ತೆಗೆಸಿದರು. ಮೋಟು ಬೊಡ್ಡೆಗಳು ನಿಂತವು. ಮಳೆ ಬಿದ್ದ ಮೇಲೆ ಒಂದೊಂದು ಮೋಟಿನಿಂದಲೂ ಪೊರಕೆ ಕಟ್ಟಿನ ಹಾಗೆ ಚಿಗುರು ಬಂತು. 'ನೋಡಿ, ಎಷ್ಟು ಚೆನ್ನಾಗಿ ಚಿಗುರಿದೆ' ಅಂತಾರೆ. ಆ ಚಿಗುರು ಮರದ ಒಳಗಿನಿಂದ ಬಂದ ಕೊಂಬೆಯಲ್ಲ, ಮೇಲುಮೇಲಕ್ಕೆ ಅಂಟಿಕೊಂಡದ್ದು. ಕಡಿದ ಜಾಗದಿಂದ ಒಳಗೆ ಕೊಳೆ ಇಳಿಯುತ್ತದೆ. ಮೇಲೆ ಚಿಗುರು ದಪ್ಪವಾಗುತ್ತದೆ. ನಾಲ್ಕೈದು ವರ್ಷದಲ್ಲಿ ಅದೇ ಮೊದಲು ಮುರಿದು ಬೀಳುವುದು. ತಂತಿಗೆ ತಾಗುತ್ತದೆ ಅಂತ ಒಂದೇ ಮಗ್ಗುಲನ್ನು ಬೋಳಿಸಿದ ಮರವೂ ಅಷ್ಟೆ. ಭಾರವೆಲ್ಲ ಮನೆ ಕಡೆ ವಾಲಿರುತ್ತದೆ.

ಕೊಂಬೆ ತೆಗೆಯಲೇಬೇಕಾದರೆ ಕ್ರಮ ಇದೆ. ಕೊಂಬೆ ಬೊಡ್ಡೆಗೆ ಸೇರುವ ಕಡೆ ಬಳೆ ತೊಡಿಸಿದ ಹಾಗೆ ಒಂದು ಉಬ್ಬು ಕಾಣುತ್ತದೆ. ಆ ಬಳೆ ಉಳಿಯಬೇಕು. ಅದರ ಹೊರಗೆ ಕೊಯ್ದರೆ ಮರವೇ ಗಾಯವನ್ನು ಸುತ್ತ ಮುಚ್ಚಿಕೊಂಡು ಬರುತ್ತದೆ. ಟಾರು, ಪೇಂಟು ಏನೂ ಬೇಕಿಲ್ಲ. ಭಾರದ ಕೊಂಬೆಯಾದರೆ ಮೊದಲು ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಬೀಳಿಸಬೇಕು. ಉಳಿದ ತುಂಡನ್ನು ಕೊನೆಗೆ ಬಳೆಯ ಹತ್ತಿರ ತೆಗೆಯಬೇಕು. ಇಲ್ಲದಿದ್ದರೆ ಬೀಳುವ ಕೊಂಬೆ ಬೊಡ್ಡೆಯ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ನಮ್ಮ ಹೊಂಗೆ ಸವರಿಸುವಾಗ ನಾನು ಕೆಳಗೆ ನಿಂತು ಇದನ್ನೇ ಹೇಳುತ್ತಿದ್ದೆ. ಮೇಲಿದ್ದ ಹುಡುಗ 'ಸಾರ್, ನೀವೇ ಹತ್ತಿ ಬನ್ನಿ' ಅಂದ. ಆದರೂ ಹೇಳಿದಂತೆ ಕೊಯ್ದ. ಮಚ್ಚು ಬಿಟ್ಟು ಗರಗಸ ಹಿಡಿಯಲು ಐವತ್ತು ರೂಪಾಯಿ ಜಾಸ್ತಿ ಕೊಡಬೇಕಾಯಿತು.

ಬುಡಕ್ಕೆ ಕಾಂಕ್ರೀಟ್ ಬಿಗಿಯುವುದರಲ್ಲಿ ನಾವು ಮನೆಯವರೂ ಏನೂ ಕಮ್ಮಿಯಿಲ್ಲ. ಕಾರು ನಿಲ್ಲಿಸಲು, ಕೆಸರು ತುಳಿಯದಿರಲು ಬೊಡ್ಡೆಯವರೆಗೂ ಟೈಲ್ಸ್ ಹಾಕಿಸಿದ್ದೇವೆ. ನೀರೂ ಇಳಿಯದು, ಗಾಳಿಯೂ ಆಡದು. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ಕೀಳಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ನಾವು ಅಂಥ ಆದೇಶಕ್ಕೆ ಕಾಯಬೇಕಾಗಿಲ್ಲ, ಅಲ್ವಾ?

ಎಲ್ಲ ಮರವನ್ನೂ ಉಳಿಸಲೇಬೇಕು ಎಂಬ ಹಟ ನನಗಿಲ್ಲ. ಬುಡದಲ್ಲಿ ಅಣಬೆ ಎದ್ದಿದ್ದರೆ, ಮರ ಹೊಸದಾಗಿ ವಾಲಿ ಇನ್ನೊಂದು ಮಗ್ಗುಲಲ್ಲಿ ಮಣ್ಣು ಬಿರಿದಿದ್ದರೆ ಅದು ಅಪಾಯವೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ಕೆಲವು ಜಾತಿ ಬಿಟ್ಟರೆ ಸ್ವಂತ ಜಾಗದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಜೀವಕ್ಕೆ, ಆಸ್ತಿಗೆ ಅಪಾಯವಿರುವ ಮರಕ್ಕೆ ಅನುಮತಿ ಕೊಡಲು ಅದೇ ಕಾಯ್ದೆಯಲ್ಲಿ ದಾರಿಯೂ ಇದೆ.

ಮಹಾನಗರ ಪಾಲಿಕೆಯಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಹಳೆಯ ಮರಗಳ ಬುಡವನ್ನು ತಿಳಿದವರಿಂದ ಪ್ರತಿ ವರ್ಷ ಈ ಎರಡು ತಿಂಗಳಲ್ಲಿ ನೋಡಿಸಲಿ. ಚರಂಡಿ, ಕೇಬಲ್ ಕೆಲಸದ ಗುತ್ತಿಗೆ ಕೊಡುವಾಗ ಮರದ ಹತ್ತಿರ ಜೆಸಿಬಿ ಬೇಡ, ಕೈಯಲ್ಲೇ ಅಗೆಯಿರಿ ಎಂದು ಒಂದು ಸಾಲು ಬರೆಯಲಿ. ವನಮಹೋತ್ಸವಕ್ಕೆ ಸಸಿ ಕಡಿಮೆಯಾದರೂ ಪರವಾಗಿಲ್ಲ.

ಹೋದ ಭಾನುವಾರ ನಮ್ಮ ಹೊಂಗೆಯ ಸುತ್ತಲಿನ ಟೈಲ್ಸ್ ನಾನೇ ಕಿತ್ತು ಪಾತಿ ಮಾಡಿದೆ. ಪಕ್ಕದ ಮನೆಯವರು ನಿಂತು ನೋಡಿದರು, ನಕ್ಕರು. ಸಂಜೆ ಬಂದು ಹಾರೆ ಕೇಳಿ ತೆಗೆದುಕೊಂಡು ಹೋದರು. ಇನ್ನೂ ವಾಪಸ್ ಕೊಟ್ಟಿಲ್ಲ.

ಇಂತಿ,
ನಿಮ್ಮ ಓದುಗ
ಜಯನಗರ, ತುಮಕೂರು