ಬ್ಯಾಂಕಾಕ್ ದೇವಸ್ಥಾನಗಳಿಗೆ ಇಪ್ಪತ್ತು ನಿಮಿಷ ಸಾಲಲ್ಲ

ಸಂಪಾದಕರಿಗೆ ನಮಸ್ಕಾರ,

ಈಗೀಗ ಪೇಪರ್ ತೆಗೆದ್ರೆ ಬ್ಯಾಂಕಾಕ್-ಪಟ್ಟಾಯ ಟೂರ್ ಪ್ಯಾಕೇಜ್ ಜಾಹೀರಾತು ಇಲ್ಲದ ವಾರಾನೇ ಇಲ್ಲ. ಬೆಂಗಳೂರಿಂದ ನೇರ ಫ್ಲೈಟ್ ಇರೋದ್ರಿಂದ ದಾವಣಗೆರೆ, ಹಾಸನ, ಹುಬ್ಬಳ್ಳಿ ಕಡೆಯವರೂ ಮೊದಲ ಫಾರಿನ್ ಟೂರ್ ಅಂದ್ರೆ ಅಲ್ಲಿಗೇ ಹೋಗ್ತಿದಾರೆ, ತುಂಬಾ ಸಂತೋಷ. ನಾನೂ ನಮ್ಮ ಮನೆಯವರೂ ಹೋಗಿಬಂದ್ವಿ. ಆದ್ರೆ ಆ ಪ್ಯಾಕೇಜಲ್ಲಿ ಟೆಂಪಲ್ ಟೂರ್ ಅಂತ ಒಂದು ಸಾಲು ಇರುತ್ತಲ್ಲ, ಅದರ ಬಗ್ಗೆ ಬರೀಲೇಬೇಕು ಅನ್ನಿಸ್ತು. ರತ್ನದ ಅಂಗಡೀಲಿ ಅರ್ಧ ದಿನ ಕೂರಿಸ್ತಾರೆ, ದೇವಸ್ಥಾನದ ಮುಂದೆ ಬಸ್ ನಿಲ್ಲಿಸಿ ಇಪ್ಪತ್ತು ನಿಮಿಷ ಟೈಮು, ಫೋಟೋ ತೆಗೆಸ್ಕೊಂಡು ಬೇಗ ಬನ್ನಿ ಅಂತಾರೆ. ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಜನ ಏನು ನೋಡಿದ್ವಿ ಅಂತಾನೂ ಗೊತ್ತಾಗದೆ ವಾಪಸ್ ಬರ್ತಿದಾರೆ, ಇದು ನಂಗೆ ನಿಜಕ್ಕೂ ಬೇಜಾರಿನ ವಿಷಯ.

ವಾಟ್ ಪೋ ದೇವಸ್ಥಾನಾನೇ ತಗೊಳ್ಳಿ. ಅಲ್ಲಿ ಮಲಗಿರೋ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ, ಕಟ್ಟಡ ಆ ಮೂರ್ತಿಗೆ ಎಷ್ಟು ಬಿಗಿಯಾಗಿದೆ ಅಂದ್ರೆ ಎಲ್ಲಿ ನಿಂತ್ರೂ ಪೂರ್ತಿ ಕಣ್ಣಿಗೆ ಸಿಗಲ್ಲ, ಕಂಬಗಳ ಮಧ್ಯದಿಂದ ಮುಖ, ಆಮೇಲೆ ತೋಳು, ಆಮೇಲೆ ಸೊಂಟ, ಹೀಗೆ ನಡೀತಾ ನಡೀತಾ ಪಾದದ ಹತ್ರ ಬರ್ತೀವಿ. ಆ ಪಾದದಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆ ಬಿಡಿಸಿದಾರೆ. ಹಿಂದಿನ ಗೋಡೆ ಉದ್ದಕ್ಕೂ 108 ಕಂಚಿನ ಪಾತ್ರೆ, ಜನ ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕ್ತಾ ಹೋಗ್ತಾರೆ, ಆ ಸದ್ದು ಆ ಹಾಲ್ ತುಂಬ ನಿಲ್ಲದೆ ಕೇಳ್ತಾನೇ ಇರುತ್ತೆ. ನಮ್ಮ ಗ್ರೂಪಿನವರು ಇಷ್ಟು ನೋಡೋ ಹೊತ್ತಿಗೆ ಹೊರಗಡೆ ಟೂರ್ ಮ್ಯಾನೇಜರ್ ವಿಸಿಲ್ ಹಾಕ್ತಿದ್ರು. ಆದ್ರೆ ಆ ಆವರಣದಲ್ಲಿ ಇನ್ನೂ ಎಷ್ಟಿದೆ! ಮೂರನೇ ರಾಮ ಅನ್ನೋ ರಾಜ 19ನೇ ಶತಮಾನದಲ್ಲಿ ಅಲ್ಲಿ ವೈದ್ಯ, ಸಾಹಿತ್ಯ, ಚರಿತ್ರೆ ಎಲ್ಲಾನೂ ಕಲ್ಲಿನ ಫಲಕದಲ್ಲಿ ಕೆತ್ತಿಸಿ ಯಾರು ಬೇಕಾದ್ರೂ ಬಂದು ಓದ್ಕೊಳ್ಳೋ ಹಾಗೆ ಮಾಡಿದ, ಆ ಶಾಸನಗಳು ಈಗ ಯುನೆಸ್ಕೊ ಪಟ್ಟೀಲಿವೆ. ಮೈ ನರ ಎಲ್ಲಿ ಹೇಗೆ ಹೋಗುತ್ತೆ, ಮಸಾಜ್ ಮಾಡೋವಾಗ ಎಲ್ಲಿ ಒತ್ತಬೇಕು ಅಂತ ಮನುಷ್ಯನ ಚಿತ್ರ ಕೆತ್ತಿದಾರೆ. ಪಕ್ಕದಲ್ಲೇ ಕಲ್ಲುಗುಡ್ಡೆ ಮಾಡಿ ಅದರ ಮೇಲೆ ಋಷಿಗಳ ಮೂರ್ತಿ ಇಟ್ಟಿದಾರೆ, ಒಬ್ಬೊಬ್ಬ ಋಷಿ ಒಂದೊಂದು ಆಸನದಲ್ಲಿ, ದಿನಾ ಬೆಳಗ್ಗೆ ಯೋಗ ಮಾಡೋ ನಮ್ಮವರು ಇದನ್ನ ನೋಡಿದ್ರೆ ಎಷ್ಟು ಖುಷಿಪಡ್ತಾರೆ ಹೇಳಿ. ತೋರಿಸೋರೇ ಇಲ್ಲ.

ಬ್ಯಾಂಕಾಕಿನ ರಾಜರ ಅರಮನೆ ಆವರಣದೊಳಗಿನ ವಾಟ್ ಫ್ರಾ ಕ್ಯಾವ್ ಗುಡಿ ಇನ್ನೊಂದು. ಎಮರಾಲ್ಡ್ ಬುದ್ಧ ಅಂತ ಎಲ್ಲರೂ ಕೇಳಿರ್ತಾರೆ, ಒಳಗೆ ಹೋಗಿ ನೋಡಿದ್ರೆ ಬಂಗಾರದ ಎತ್ತರದ ಪೀಠದ ಮೇಲೆ 66 ಸೆಂಟಿಮೀಟರಿನ ಪುಟ್ಟ ಹಸಿರು ಕಲ್ಲಿನ ಮೂರ್ತಿ. ನಮ್ಮ ಜೊತೆ ಬಂದೋರೊಬ್ಬರು ಇಷ್ಟೇನಾ ಅಂದ್ಬಿಟ್ರು. ಅವರನ್ನ ತಪ್ಪು ಅನ್ನಲ್ಲ, ಆ ಪುಟ್ಟ ಮೂರ್ತಿನ ರಾಜರು ಒಂದೂರಿಂದ ಇನ್ನೊಂದೂರಿಗೆ ತಗೊಂಡು ಹೋಗಿದ್ದು, ಈಗಿನ ಲಾವೋಸಿನ ವಿಯೆಂಟಿಯಾನ್‌ನಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಇದ್ದಿದ್ದು, ಆಮೇಲೆ ಬ್ಯಾಂಕಾಕಿಗೆ ಬಂದಿದ್ದು, ಅದಕ್ಕೋಸ್ಕರಾನೇ ಈ ಗುಡಿ ಕಟ್ಟಿದ್ದು, ಇದ್ಯಾವುದನ್ನೂ ಅವರಿಗೆ ಮೊದಲೇ ಯಾರೂ ಹೇಳಿರ್ಲಿಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ವರ್ಷಕ್ಕೆ ಮೂರು ಸಲ ಆ ಬುದ್ಧನಿಗೆ ಬಂಗಾರದ ಉಡುಪು ಬದಲಾಗುತ್ತೆ, ಆ ಶಾಸ್ತ್ರ ನಡೆಸೋದು ಸ್ವತಃ ರಾಜ. ಅಲಂಕಾರ ನೋಡೋಕೆ ಅಂತಾನೇ ದೇವಸ್ಥಾನಕ್ಕೆ ಹೋಗೋ ಜನ ನಾವು, ಇದನ್ನ ಹೇಳಿದ್ರೆ ನಮ್ಮ ಅಜ್ಜಿಯಂದಿರಿಗೂ ತಕ್ಷಣ ಅರ್ಥ ಆಗುತ್ತೆ.

ಅದೇ ಗುಡಿ ಸುತ್ತ ಪ್ರಾಕಾರದ ಗೋಡೆ ಪೂರ್ತಿ ರಾಮಾಯಣ, 178 ಚಿತ್ರ. ಅಲ್ಲಿ ಇದಕ್ಕೆ ರಾಮಕಿಯೆನ್ ಅಂತಾರೆ. ಹಸಿರು ಮುಖದ ದಶಕಂಠ, ಬಿಳಿ ಮೈಯ ಹನುಮಂತ, ಚಿನ್ನದ ರೇಕು ಹಚ್ಚಿದ ರಥ ಕಿರೀಟ. ಇದರಲ್ಲಿ ಮೈರಾವಣನ ಕಥೇನೂ ಇದೆ ಅಂದ್ರೆ ನಂಬ್ತೀರಾ? ರಾಮನನ್ನ ಕದ್ದು ಪಾತಾಳಕ್ಕೆ ಒಯ್ಯದಿರಲಿ ಅಂತ ಹನುಮಂತ ದೊಡ್ಡದಾಗಿ ಬೆಳೆದು ಬಾಯಲ್ಲಿ ರಾಮನ ಬಿಡಾರಾನೇ ಕಾಪಾಡ್ಕೊಂಡು ಕೂತಿರ್ತಾನೆ, ಆ ಚಿತ್ರದ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ನೋ. ಚಿಕ್ಕವಳಿದ್ದಾಗ ನಮ್ಮೂರ ಬಯಲಾಟದಲ್ಲಿ ರಾತ್ರಿಯೆಲ್ಲಾ ಎದ್ದಿದ್ದು ನೋಡಿದ ಮೈರಾವಣ ಅಲ್ಲಿ ಗೋಡೆ ಮೇಲೆ ಸಿಕ್ಕಿದ. ಆದ್ರೆ ಅವರ ಹನುಮಂತ ಬ್ರಹ್ಮಚಾರಿ ಅಲ್ಲ, ಸೇತುವೆ ಕಟ್ಟೋವಾಗ ರಾವಣನ ಮಗಳಾದ ಮೀನುಕನ್ಯೆ ಸುವಣ್ಣಮಚ್ಛಾ ಮೇಲೆ ಮನಸ್ಸಾಗಿ ಅವರಿಗೊಬ್ಬ ಮಗಾನೂ ಹುಟ್ತಾನೆ. ನಮ್ಮವರು ಕೆಲವರಿಗೆ ಇದು ಸರಿ ಅನ್ನಿಸಲ್ಲ, ನಕ್ಕು ಬಿಡೋದು, ಇವರಿಗೆ ರಾಮಾಯಣ ಗೊತ್ತಿಲ್ಲ ಅನ್ನೋದು ಮಾಡ್ತಾರೆ. ಹಾಗೆ ಮಾಡಬಾರ್ದು, ಒಂದು ಕಥೆ ಅಷ್ಟು ದೂರದ ನಾಡಲ್ಲಿ ಬೇರು ಬಿಟ್ಟು ಅಲ್ಲಿನವರ ಸ್ವಂತ ಆಗಿದೆ, ಅದು ಗೌರವ ಕೊಡಬೇಕಾದ ವಿಷಯ.

ಇನ್ನೊಂದು ಮಾತು ಬಸ್ಸಲ್ಲಿ ತುಂಬ ಕೇಳಿದೆ, ಬುದ್ಧ ರಾಜ್ಯ ಎಲ್ಲಾ ಬಿಟ್ಟು ಹೋದೋನು, ಅವನಿಗೆ ಯಾಕಿಷ್ಟು ಚಿನ್ನ ಅಂತ. ಪ್ರಶ್ನೆ ನ್ಯಾಯವಾಗಿದೆ. ನಾನು ನೋಡಿದ ಮಟ್ಟಿಗೆ ಹೇಳ್ತೀನಿ, ಅಲ್ಲಿ ಹೂವು ಮಾರೋ ಹೆಂಗಸು, ಸ್ಕೂಲ್ ಮಕ್ಕಳು, ಟ್ಯಾಕ್ಸಿ ಡ್ರೈವರ್ ಎಲ್ಲಾ ಬೆರಳಗಲದ ಚಿನ್ನದ ರೇಕು ತಗೊಂಡು ಬಂದು ಮೂರ್ತಿಗೆ ಅಂಟಿಸಿ ಕೈ ಮುಗಿದು ಹೋಗ್ತಾರೆ, ಪುಣ್ಯದ ಕೆಲಸ ಅಂತ. ವಾಟ್ ಅರುಣ್ ಅನ್ನೋ ಇನ್ನೊಂದು ಗುಡಿಯ ಗೋಪುರಾನೂ ಹತ್ರ ಹೋಗಿ ನೋಡಿ, ದೂರದಿಂದ ಹೊಳೆಯೋದೆಲ್ಲಾ ಪಿಂಗಾಣಿ ಚೂರು ಮತ್ತು ಕಪ್ಪೆಚಿಪ್ಪು, ಚೀನಾ ಹಡಗುಗಳು ಭಾರಕ್ಕೆ ಅಂತ ತುಂಬ್ಕೊಂಡು ಬರ್ತಿದ್ದ ಪಿಂಗಾಣಿನ ಒಡೆದು ಹೂವು ಎಲೆ ಮಾಡಿ ಗಾರೆಯಲ್ಲಿ ಕೂರಿಸಿದಾರೆ. ಮೇಲೆ ಮೂರು ತಲೆ ಐರಾವತದ ಮೇಲೆ ಇಂದ್ರ ಕೂತಿದಾನೆ. ಇಷ್ಟು ಕೈಕೆಲಸ ಅಲ್ಲಿ ಆಡಂಬರಕ್ಕೆ ಮಾಡಿದ್ದು ಅಂತ ನಂಗೆ ಅನ್ನಿಸಲಿಲ್ಲ.

ಇನ್ನು ನಡವಳಿಕೆ. ಶಾರ್ಟ್ಸ್, ಸ್ಲೀವ್‌ಲೆಸ್ ಹಾಕ್ಕೊಂಡು ಬಂದು ಅರಮನೆ ಗೇಟಲ್ಲಿ ತಡೆದ್ಮೇಲೆ ರೋಡಲ್ಲಿ ಆನೆ ಚಿತ್ರದ ಪ್ಯಾಂಟ್ ಕೊಳ್ಳೋಕೆ ಓಡೋದು, ಎಮರಾಲ್ಡ್ ಬುದ್ಧನ ಗರ್ಭಗುಡೀಲಿ ಫೋಟೋ ಬೇಡ ಅಂತ ಬೋರ್ಡ್ ಇದ್ರೂ ಮೊಬೈಲ್ ಎತ್ತೋದು, ಬುದ್ಧನ ಕಡೆ ಕಾಲು ಚಾಚ್ಕೊಂಡು ಕೂರೋದು. ದೇವರ ಕಡೆ ಕಾಲು ಹಾಕಬೇಡ ಅಂತ ನಮ್ಮ ಮನೇಲೇ ಮಕ್ಕಳಿಗೆ ಹೇಳ್ತೀವಲ್ವಾ. ಹೆಂಗಸರು ಭಿಕ್ಕುಗಳನ್ನ ಮುಟ್ಟಬಾರ್ದು, ಏನಾದ್ರೂ ಕೊಡೋದಿದ್ರೂ ಕೈಗೆ ಕೊಡದೆ ಅವರು ಹಾಸಿದ ಬಟ್ಟೆ ಮೇಲೆ ಇಡಬೇಕು, ಇದು ಗೊತ್ತಿಲ್ಲದೆ ಸೆಲ್ಫಿಗೆ ಪಕ್ಕಕ್ಕೆ ಹೋಗಿ ನಿಲ್ತಾರೆ, ಆ ಹುಡುಗ ಭಿಕ್ಕು ಹಿಂದೆ ಹಿಂದೆ ಸರಿಯೋದು ನೋಡಿ ನಂಗೆ ಸಂಕಟ ಆಯ್ತು. ಥಾಯ್ಲೆಂಡಿನ ಹಳೇ ರಾಜಧಾನಿ ಅಯುತ್ತಾಯದಲ್ಲಿ ಅರಳಿ ಜಾತಿಯ ಮರದ ಬೇರಿನ ಮಧ್ಯೆ ಬುದ್ಧನ ತಲೆ ಇದೆಯಲ್ಲ, ಅಲ್ಲಿ ಫೋಟೋ ಬೇಕಾದ್ರೆ ಕೆಳಗೆ ಕೂತು ತೆಗೆಸ್ಕೋಬೇಕು, ನಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಇರಬಾರ್ದು. 1767ರಲ್ಲಿ ಬರ್ಮಾ ಸೈನ್ಯ ಸುಟ್ಟು ಹಾಳು ಮಾಡಿದ ಊರದು, ತಲೆ ಇಲ್ಲದ ಬುದ್ಧಂದಿರು ಸಾಲು ಸಾಲು ಕೂತಿದಾರೆ. ಅದನ್ನ ನೋಡಿದ್ಮೇಲೂ ಶೋಕೇಸಿಗೆ ಬುದ್ಧನ ತಲೆ ಕೊಂಡ್ಕೊಂಡು ಬರೋಕೆ ಮನಸ್ಸಾದ್ರೂ ಹೇಗೆ ಬರುತ್ತೆ. ಅಲ್ಲಿಂದ ಬುದ್ಧನ ಮೂರ್ತಿ ಹೊರಗೆ ತರೋಕೆ ಅವರ ಕಲಾ ಇಲಾಖೆ ಪರ್ಮಿಷನ್ ಬೇಕು ಅನ್ನೋದನ್ನೂ ಅಂಗಡಿಯವರು ಹೇಳಲ್ಲ. ಬೈಲುಕುಪ್ಪೆ ಗೋಲ್ಡನ್ ಟೆಂಪಲಲ್ಲೂ ಪ್ರಾರ್ಥನೆ ನಡೀವಾಗ ಮಧ್ಯೆ ನುಗ್ಗಿ ರೀಲ್ಸ್ ಮಾಡೋದನ್ನ ನೋಡಿದೀನಿ, ಅದಕ್ಕೇ ಇದನ್ನ ಇಷ್ಟು ಬಿಡಿಸಿ ಹೇಳ್ತಿರೋದು.

ಟೂರ್ ನಡೆಸೋರಿಗೆ ನನ್ನ ಮನವಿ ಇಷ್ಟೇ. ಥಾಯ್ಲೆಂಡಲ್ಲಿ ಗೈಡ್ ಕೆಲಸ ಅಲ್ಲಿನ ಪ್ರಜೆಗಳಿಗೆ ಮಾತ್ರ ಮೀಸಲು, ಹಾಗಾಗಿ ಕನ್ನಡ ಗೈಡ್ ಕೊಡಿ ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ. ಆದ್ರೆ ಹೊರಡೋಕೆ ಮುಂಚೆ ಕನ್ನಡದಲ್ಲಿ ಎರಡು ಪುಟ ಪ್ರಿಂಟ್ ಮಾಡಿ ಕೊಡಬಹುದು, ಬಸ್ಸಲ್ಲಿ ಅಂತ್ಯಾಕ್ಷರಿ ಆಡಿಸೋ ಟೈಮಲ್ಲಿ ಮುಂದೆ ನೋಡೋ ಗುಡಿಯ ಕಥೆ ಹೇಳಬಹುದು. ಅರಮನೆ ಮತ್ತು ವಾಟ್ ಪೋ ಎರಡಕ್ಕೂ ಸೇರಿ ಕನಿಷ್ಠ ಒಂದು ಇಡೀ ಬೆಳಗ್ಗೆ ಬಿಡಿ, ಅಂಗಡಿ ಟೈಮಲ್ಲಿ ಕಡಿತ ಮಾಡಿ. ನಿಮ್ಮ ಪೇಪರಿನ ಪ್ರವಾಸ ಪುಟದಲ್ಲೂ ಬೀಚು, ಶಾಪಿಂಗ್ ಜೊತೆ ಈ ಗುಡಿಗಳ ಬಗ್ಗೆ ತಿಳಿದವರಿಂದ ಬರೆಸಿ ಸರ್, ಚಿತ್ರಗಳ ಅರ್ಥ ಸಮೇತ.

ಪ್ಯಾಕೇಜ್ ಬುಕ್ ಮಾಡೋರು ದುಡ್ಡು ಕಟ್ಟೋಕೆ ಮುಂಚೇನೇ ಕೇಳಿ, ಅರಮನೆ ಒಳಗೆ ಕರ್ಕೊಂಡು ಹೋಗ್ತೀರಾ ಅಥವಾ ಗೇಟ್ ಹೊರಗೆ ಫೋಟೋ ಮಾತ್ರಾನಾ ಅಂತ. ಸ್ವಂತ ಹೋಗೋರಾದ್ರೆ ಬೆಳಗ್ಗೆ 8.30ಕ್ಕೆ ತೆಗೆಯೋ ಹೊತ್ತಿಗೇ ಹೋಗಿ, ಮಧ್ಯಾಹ್ನ 3.30ರ ನಂತರ ಟಿಕೆಟ್ ಕೊಡಲ್ಲ. ರೋಡಲ್ಲಿ ಯಾರಾದ್ರೂ ಇವತ್ತು ದೇವಸ್ಥಾನ ರಜಾ, ಬೇರೆ ಕಡೆ ತೋರಿಸ್ತೀನಿ ಬನ್ನಿ ಅಂತ ಟುಕ್‌ಟುಕ್ ಹತ್ತಿಸೋಕೆ ನೋಡಿದ್ರೆ ಅವರ ಮಾತು ಕೇಳಬೇಡಿ, ಅದು ಸೀದಾ ರತ್ನದ ಅಂಗಡಿಗೇ ಹೋಗುತ್ತೆ. ಗೇಟಿನ ತನಕ ನಡ್ಕೊಂಡು ಹೋಗಿ ಕೌಂಟರಲ್ಲೇ ವಿಚಾರಿಸಿ.

ಇಂತಿ,
ನಿವೃತ್ತ ಶಿಕ್ಷಕಿ, ಶಿವಮೊಗ್ಗ