ಒಂದು ಅಂಕಿ ಹೇಳದೆ ಬಿಡುವ ವೇಗ

ಮಾನ್ಯ ಸಂಪಾದಕರೇ,

ಹೊಸ ಕಂಪ್ಯೂಟರ್ ಮತ್ತು ಮೊಬೈಲ್‌ಗಳನ್ನು ಪರಿಚಯಿಸುವ ಬರಹಗಳಲ್ಲಿ ಒಂದೇ ಒಂದು ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷಾ ಪ್ರೋಗ್ರಾಮ್) ಅಂಕವನ್ನು ಮುಂದಿಟ್ಟು, ಇದು ಅದಕ್ಕಿಂತ ಇಷ್ಟು ಪಟ್ಟು ವೇಗವಾಗಿದೆ ಎಂದು ತೀರ್ಪು ಕೊಡುವ ರೂಢಿ ಬಲವಾಗಿದೆ. ಕೊಳ್ಳುವವರು ಆ ಅಂಕವನ್ನೇ ನೆಚ್ಚಿಕೊಳ್ಳುವುದರಿಂದ, ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂಬುದೂ ಅವರಿಗೆ ತಿಳಿಯಬೇಕು.

ಚಿಕ್ಕ ಪರೀಕ್ಷಾ ಪ್ರೋಗ್ರಾಮಿನ ಆದೇಶಗಳೂ ದತ್ತಾಂಶವೂ ಪ್ರೊಸೆಸರಿನೊಳಗಿನ ಕ್ಯಾಶ್ ಎಂಬ ಪುಟ್ಟ, ವೇಗದ ಮೆಮೊರಿಯಲ್ಲೇ ಪೂರ್ತಿಯಾಗಿ ಹಿಡಿಸಿಬಿಡುತ್ತವೆ. ಮೊದಲ ಹಂತದ ಕ್ಯಾಶ್‌ನಿಂದ ಮಾಹಿತಿ ಪಡೆಯಲು ಇಂದಿನ ಪ್ರೊಸೆಸರಿಗೆ ನಾಲ್ಕೈದು ಕ್ಲಾಕ್ ಸೈಕಲ್ (ಅದರ ಒಳಗಡಿಯಾರದ ಮಿಡಿತ) ಸಾಕು. ಮುಖ್ಯ ಮೆಮೊರಿಯಿಂದಲೇ ತರಬೇಕಾದರೆ ಇನ್ನೂರು ಮುನ್ನೂರು ಸೈಕಲ್‌ಗಳಷ್ಟು ಕಾಯಬೇಕಾಗಬಹುದು. ದೊಡ್ಡ ಡೇಟಾಬೇಸ್‌ನಲ್ಲಿ ಹುಡುಕುವಾಗ, ಒಟ್ಟಿಗೆ ಹಲವು ಪ್ರೋಗ್ರಾಮ್‌ಗಳನ್ನು ತೆರೆದಿಟ್ಟು ಕೆಲಸ ಮಾಡುವಾಗ ನಮ್ಮನ್ನು ತಡೆಯುವುದು ಎಷ್ಟೋ ಸಲ ಈ ಕಾಯುವಿಕೆಯೇ. ಚಿಕ್ಕ ಪರೀಕ್ಷೆಗೆ ಅದರ ಸುಳಿವೇ ಸಿಗುವುದಿಲ್ಲ.

1984ರಲ್ಲಿ ರೈನ್‌ಹೋಲ್ಡ್ ವೈಕರ್ ರೂಪಿಸಿದ ಡ್ರೈಸ್ಟೋನ್ ಇಂಥದ್ದೇ ಒಂದು ಪುಟ್ಟ ಪರೀಕ್ಷೆ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್‌ಗಳು ಚುರುಕಾದಂತೆ, ಎಲ್ಲಿಯೂ ಬಳಕೆಯಾಗದ ಫಲಿತಾಂಶದ ಲೆಕ್ಕವನ್ನು ಗುರುತಿಸಿ ತೆಗೆದುಹಾಕತೊಡಗಿದವು. ಮಾಡದ ಕೆಲಸಕ್ಕೂ ಅಂಕ ಸಿಗುವಂತಾಯಿತು, 1988ರಲ್ಲಿ ಪರೀಕ್ಷೆಯನ್ನೇ ತಿದ್ದಿ ಎರಡನೆಯ ಆವೃತ್ತಿ ತರಬೇಕಾಯಿತು. ಅದೇ ವರ್ಷ ಹುಟ್ಟಿದ ಸ್ಪೆಕ್ ಸಂಸ್ಥೆ ನಿಜವಾದ ಪ್ರೋಗ್ರಾಮ್‌ಗಳನ್ನು ಆಯ್ದು ಪರೀಕ್ಷಾಗುಚ್ಛವೊಂದನ್ನು ಕಟ್ಟಿದ್ದು ಒಳ್ಳೆಯ ಹೆಜ್ಜೆ. ಆದರೂ ಅದರಲ್ಲಿದ್ದ ಮೇಟ್ರಿಕ್ಸ್300 ಎಂಬ ಪರೀಕ್ಷೆಯ ಅಂಕವನ್ನು ಕಂಪೈಲರ್ ತಂತ್ರದಿಂದಲೇ ಹಲವು ಪಟ್ಟು ಏರಿಸಲು ಸಾಧ್ಯವಾಗಿ, 1992ರ ಗುಚ್ಛದಿಂದ ಅದನ್ನು ಕೈಬಿಡಲಾಯಿತು. ಅಂಕವೇ ಗುರಿಯಾದಲ್ಲಿ ಅಂಕಕ್ಕಾಗಿಯೇ ದುಡಿಯುವ ಜಾಣ್ಮೆ ಬೆಳೆಯುತ್ತದೆ.

ಸೂಪರ್ ಕಂಪ್ಯೂಟರ್‌ಗಳೂ ಇದಕ್ಕೆ ಹೊರತಲ್ಲ. ಜಪಾನಿನ ಫುಗಾಕು, ಸಮೀಕರಣಗಳ ದೊಡ್ಡ ಗುಂಪನ್ನು ಬಿಡಿಸುವ ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ 442 ಪೆಟಾಫ್ಲಾಪ್ಸ್ (ಒಂದು ಪೆಟಾಫ್ಲಾಪ್ಸ್ ಎಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ) ತಲುಪಿದರೆ, ಮೆಮೊರಿಯನ್ನು ಹೆಚ್ಚಾಗಿ ದುಡಿಸುವ ಎಚ್‌ಪಿಸಿಜಿ ಪರೀಕ್ಷೆಯಲ್ಲಿ ಸುಮಾರು 16ರಲ್ಲೇ ನಿಂತಿತು. ಎರಡೂ ಅಂಕಿಗಳು ಸತ್ಯ, ಯಂತ್ರವೂ ಅದೇ. ಹವಾಮಾನ ಮಾದರಿಯಂಥ ಕೆಲಸವಿರುವವರು ಮೊದಲನೆಯದನ್ನಷ್ಟೇ ನೋಡಿ ಲೆಕ್ಕ ಹಾಕಿದರೆ ನಿರಾಶೆ ತಪ್ಪದು.

ಕೈಯಲ್ಲಿ ಹಿಡಿಯುವ ಸಾಧನಗಳಲ್ಲಿ ಶಾಖದ ಪ್ರಶ್ನೆಯೂ ಸೇರುತ್ತದೆ. ಒಂದೆರಡು ನಿಮಿಷದ ಪರೀಕ್ಷೆ ಮುಗಿಯುವವರೆಗೆ ಗರಿಷ್ಠ ವೇಗದಲ್ಲಿ ಓಡುವ ಪ್ರೊಸೆಸರ್, ದೀರ್ಘ ವಿಡಿಯೊ ಸಂಕಲನದ ನಡುವೆ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಆದ್ದರಿಂದ ತಮ್ಮ ಪತ್ರಿಕೆಯ ತಂತ್ರಜ್ಞಾನ ಅಂಕಣದಲ್ಲಿ ಅಂಕದ ಜೊತೆಗೆ ಪರೀಕ್ಷೆಯ ಹೆಸರು, ಅದು ಓಡಿದ ಅವಧಿ ಮತ್ತು ಬಳಸಿದ ಆವೃತ್ತಿಯನ್ನು ನಮೂದಿಸಬೇಕೆಂದೂ, ಅರ್ಧ ಗಂಟೆಯಾದರೂ ಎಡೆಬಿಡದೆ ನಡೆಸಿದ ನಿಜವಾದ ಒಂದು ಕೆಲಸದ ಫಲಿತಾಂಶವನ್ನು ಅದರ ಪಕ್ಕದಲ್ಲೇ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ